ಸುಂಕ ಗಡಿಯಲ್ಲಿ, ರಿಯಾಯಿತಿ ಬಿಲ್ಲಿನಲ್ಲಿ

ಉಡಿ ತುಂಬುವಾಗ ಇಡುವ ಉತ್ತತ್ತಿಗೂ ಪುಲ್ವಾಮಾಕ್ಕೂ ಏನು ಸಂಬಂಧ? 2019ರ ಫೆಬ್ರವರಿ 14ರಂದು ಅಲ್ಲಿ ದಾಳಿ ನಡೆಯಿತು. ಮರುದಿನ ಭಾರತ ಸರ್ಕಾರ ಪಾಕಿಸ್ತಾನಕ್ಕೆ ಕೊಟ್ಟಿದ್ದ ‘ಪರಮಾಪ್ತ ರಾಷ್ಟ್ರ’ದ ಸ್ಥಾನಮಾನ ಹಿಂಪಡೆಯಿತು. ಅದರ ಮರುದಿನ ಅಲ್ಲಿಂದ ಬರುವ ಎಲ್ಲ ಸರಕಿಗೂ ಶೇ 200ರ ಆಮದು ಸುಂಕ ಬಿತ್ತು. ನಾವು ಕೊಳ್ಳುತ್ತಿದ್ದ ಉತ್ತತ್ತಿಯ ಬಹುಪಾಲು ಬರುತ್ತಿದ್ದದ್ದು ಪಾಕಿಸ್ತಾನದಿಂದ. ಬಾಣಂತಿಯ ಅಂಟಿನುಂಡಿಗೆ ಬೇಕು, ಮದುವೆಗೆ ಬೇಕು, ದೇವಿಯ ಉಡಿಗೆ ಬೇಕು, ಬಿಟ್ಟರೆ ನಡೆಯದು. ದೆಹಲಿಯಲ್ಲಿ ಹೊರಟ ಒಂದು ಅಧಿಸೂಚನೆ ಕಿರಾಣಿ ಅಂಗಡಿಯ ತಕ್ಕಡಿಗೆ ಬಂದು ಕೂತಿತು.

ಈಗ ಪೂರ್ವದ ನೆರೆಯ ಸರದಿ. ಬಾಂಗ್ಲಾದೇಶ 1975ರಿಂದ ಇದ್ದ ‘ಅತಿ ಹಿಂದುಳಿದ ರಾಷ್ಟ್ರಗಳ’ ಪಟ್ಟಿಯಿಂದ, ಅದರೊಂದಿಗೆ ವ್ಯಾಪಾರ ಕೂಟದ ರಿಯಾಯಿತಿಯಿಂದಲೂ ಹೊರಬೀಳಲಿದೆ. ಸುದ್ದಿ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಬಂದಾಗಲೆಲ್ಲ ನಮ್ಮ ಕಡೆಯ ವ್ಯಾಪಾರಸ್ಥರ ಪ್ರಶ್ನೆ ಒಂದೇ: “ಅವರು ಹೊರಗ ಹ್ವಾದ್ರ ನಮ್ಮ ತೆರಿಗಿ ಏನರ ಕಡಿಮಿ ಆಕ್ಕೈತೇನ್ರಿ?”

ನೇರ ಉತ್ತರ: ತೆರಿಗೆ ಕಡಿಮೆಯಾಗುವುದಿಲ್ಲ. ಗಡಿಯಲ್ಲಿನ ಸುಂಕ ಬದಲಾಗುತ್ತದೆ, ಸರಕಿನ ಬೆಲೆ ಬದಲಾಗುತ್ತದೆ. ಸಣ್ಣ ವ್ಯಾಪಾರಕ್ಕೆ ಸರ್ಕಾರ ಕೊಡುವ ತೆರಿಗೆ ರಿಯಾಯಿತಿ ಮಾತ್ರ ನಮ್ಮ ಮನೆಯೊಳಗಿನ ಲೆಕ್ಕ. ಆದರೆ ಮಾತು ಇಲ್ಲಿಗೇ ಮುಗಿಯುವುದಿಲ್ಲ. ಬದಲಾದ ಬೆಲೆಯ ಹೊರೆಯನ್ನು ಯಾರು ಇಳಿಸಿಕೊಳ್ಳಬಲ್ಲರು, ಯಾರು ಹೊತ್ತೇ ನಡೆಯಬೇಕು ಎಂಬುದನ್ನು ಆ ಮನೆಯೊಳಗಿನ ಲೆಕ್ಕವೇ ತೀರ್ಮಾನಿಸುತ್ತದೆ.

ನಮ್ಮೂರಿನ ಹಳೆಯ ಗಡಿಗಳು

ಸುಂಕದ ಗಡಿ ನಮ್ಮ ಗದಗ ಸೀಮೆಗೆ ಹೊಸದಲ್ಲ. ಸ್ವಾತಂತ್ರ್ಯದ ಹೊತ್ತಿಗೆ ಗದಗ-ಬೆಟಗೇರಿ, ಮುಂಡರಗಿ ಮುಂಬೈ ಪ್ರಾಂತ್ಯದಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು, ಪಕ್ಕದ ಲಕ್ಷ್ಮೇಶ್ವರ ಮೀರಜ್ ಸಂಸ್ಥಾನಕ್ಕೆ. ಮುಂಡರಗಿಯಿಂದ ಕೊಪ್ಪಳದ ಹಾದಿ ಹಿಡಿದರೆ ನಿಜಾಮರ ಹೈದರಾಬಾದ್ ರಾಜ್ಯ. ಅದಕ್ಕೆ ತನ್ನದೇ ಸುಂಕದ ಇಲಾಖೆ, ಹೆಸರು ಕರೋಡಗಿರಿ. ಒಂದೇ ದಿನದಲ್ಲಿ ಚಕ್ಕಡಿ ಮುಟ್ಟುವಷ್ಟು ದೂರದಲ್ಲಿ ನಾಲ್ಕು ಆಡಳಿತ. 1948ರಲ್ಲಿ ದಖ್ಖನ್ನಿನ ಸಂಸ್ಥಾನಗಳು ಮುಂಬೈ ಪ್ರಾಂತ್ಯದಲ್ಲಿ ವಿಲೀನವಾದವು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತ ಒಕ್ಕೂಟ ಸೇರಿತು. ಇಂದು ಮುಂಡರಗಿಯ ಕಡಲೆ ಕೊಪ್ಪಳಕ್ಕೆ ಹೋದರೆ ತಡೆಯುವವರಿಲ್ಲ.

ವ್ಯಾಪಾರ ಕೂಟ ಎಂದರೆ ಇಷ್ಟೇ: ದೇಶಗಳು ತಮ್ಮ ಆಡಳಿತ ಬೇರೆಬೇರೆ ಇಟ್ಟುಕೊಂಡೇ ಸುಂಕದ ಕಟ್ಟೆಯನ್ನು ಪರಸ್ಪರ ತಗ್ಗಿಸಿಕೊಳ್ಳುವ ಒಪ್ಪಂದ. ದಕ್ಷಿಣ ಏಷ್ಯಾದಲ್ಲಿ ಅಂಥ ಒಪ್ಪಂದದ ಹೆಸರು ಸಾಫ್ಟಾ. 2004ರ ಜನವರಿಯಲ್ಲಿ ಇಸ್ಲಾಮಾಬಾದಿನಲ್ಲಿ ಸಹಿಯಾಗಿ 2006ರ ಜನವರಿ 1ರಂದು ಜಾರಿಗೆ ಬಂತು. ಈ ಕೂಟದೊಳಗೆ ಎರಡು ಪಂಕ್ತಿಗಳಿವೆ. ಒಂದರಲ್ಲಿ ಭಾರತ, ಪಾಕಿಸ್ತಾನ, ಶ್ರೀಲಂಕಾ. ಇನ್ನೊಂದರಲ್ಲಿ ವಿಶ್ವಸಂಸ್ಥೆಯ ‘ಅತಿ ಹಿಂದುಳಿದ ರಾಷ್ಟ್ರಗಳ’ ಪಟ್ಟಿಯ ಲೆಕ್ಕದಲ್ಲಿ ಸೇರಿದ ಬಾಂಗ್ಲಾದೇಶ, ನೇಪಾಳದಂಥವು. ಎರಡನೆಯ ಪಂಕ್ತಿಗೆ ಬಡಿಸುವ ರಿಯಾಯಿತಿ ಹೆಚ್ಚು.

ಎಷ್ಟು ಹೆಚ್ಚು? ಪ್ರತಿ ದೇಶವೂ ‘ಇವಕ್ಕೆ ಸುಂಕ ಇಳಿಸುವುದಿಲ್ಲ’ ಎಂದು ಸೂಕ್ಷ್ಮ ಸರಕುಗಳ ಪಟ್ಟಿ ಇಟ್ಟುಕೊಂಡಿದೆ. ಮೊದಲ ಪಂಕ್ತಿಯವರಿಗೆ ಭಾರತದ ಪಟ್ಟಿಯಲ್ಲಿ 614 ಬಗೆಯ ಸರಕುಗಳಿವೆ. ಎರಡನೆಯ ಪಂಕ್ತಿಯವರಿಗೆ ಬರೀ 25, ಅವೂ ಮದ್ಯ ಮತ್ತು ತಂಬಾಕಿಗೆ ಸೇರಿದವು. 2011ರ ಸೆಪ್ಟೆಂಬರಿನಲ್ಲಿ ಢಾಕಾಕ್ಕೆ ಹೋದ ಪ್ರಧಾನಿ ಮನಮೋಹನ್ ಸಿಂಗ್ 46 ಜವಳಿ ಸರಕುಗಳ ಸುಂಕ ತೆಗೆದರು. ಅದೇ ವರ್ಷ ನವೆಂಬರಿನಲ್ಲಿ ಪಟ್ಟಿ 25ಕ್ಕೆ ಇಳಿಯಿತು. ಅಂದಿನಿಂದ ಬಾಂಗ್ಲಾದೇಶದ ಅಂಗಿ, ಚಲ್ಲಣ ಸುಂಕವಿಲ್ಲದೆ ಒಳಬರುತ್ತಿವೆ. 2018ರಲ್ಲಿ ಭಾರತ ಸಿದ್ಧ ಉಡುಪಿನ ಸಾಮಾನ್ಯ ಆಮದು ಸುಂಕವನ್ನು ಹೆಚ್ಚಿನ ಬಗೆಗಳಿಗೆ ಶೇ 10ರಿಂದ ಶೇ 20ಕ್ಕೆ ಏರಿಸಿದಾಗಲೂ ಢಾಕಾಕ್ಕೆ ಅದು ತಟ್ಟಲಿಲ್ಲ.

2021ರ ನವೆಂಬರ್ 24ರಂದು ವಿಶ್ವಸಂಸ್ಥೆಯ ಮಹಾಸಭೆ ಬಾಂಗ್ಲಾದೇಶವನ್ನು ಹಿಂದುಳಿದವರ ಪಟ್ಟಿಯಿಂದ ತೇರ್ಗಡೆ ಮಾಡಲು ಒಪ್ಪಿ, ಐದು ವರ್ಷದ ತಯಾರಿಗೆ ಸಮಯ ಕೊಟ್ಟು, 2026ರ ನವೆಂಬರ್ 24ನ್ನು ಗೊತ್ತುಮಾಡಿತು. ನೇಪಾಳಕ್ಕೂ ಅದೇ ದಿನ. ಭೂತಾನ್ 2023ರ ಡಿಸೆಂಬರಿನಲ್ಲೇ ಹೊರಬಂದಿದೆ. ತೇರ್ಗಡೆಯಾದವರಿಗೆ ಪಾಯಸ ಬಡಿಸುವುದಿಲ್ಲ, ಬಡಿಸುತ್ತಿದ್ದದ್ದನ್ನು ನಿಲ್ಲಿಸುತ್ತಾರೆ; ಢಾಕಾದ ಉಡುಪು ಉದ್ಯಮಿಗಳೇ ‘ಇನ್ನೂ ಕೆಲ ವರ್ಷ ತಡೆಯಿರಿ’ ಎಂದು ಕೂಗೆಬ್ಬಿಸಿದ್ದು ಅದಕ್ಕೇ. ಮಾಲ್ಡೀವ್ಸ್ 2011ರಲ್ಲಿ ಪಟ್ಟಿಯಿಂದ ಹೊರಬಂದಾಗ ಅದಕ್ಕೆ ತೊಂದರೆಯಾಗಲಿಲ್ಲ. ತೇರ್ಗಡೆಯಾದ ಮೇಲೂ ರಿಯಾಯಿತಿ ಮುಂದುವರಿಯಬೇಕೆಂದು ಸಾಫ್ಟಾ ಕರಾರಿನಲ್ಲೇ ಬರೆಸಿಕೊಂಡಿತ್ತು. ಬಾಂಗ್ಲಾದೇಶದ ಹೆಸರಿನಲ್ಲಿ ಅಂಥ ಕಲಮು ಇಲ್ಲ. ನೇಪಾಳ, ಭೂತಾನಗಳಿಗೆ ಭಾರತದೊಂದಿಗೆ ಪ್ರತ್ಯೇಕ ವ್ಯಾಪಾರ ಒಪ್ಪಂದಗಳಿವೆ. ಹಾಗಾಗಿ ನಮ್ಮ ಪೇಟೆಗೆ ಮುಖ್ಯವಾಗುವುದು ಢಾಕಾ ಒಂದೇ.

ನೂರು ರೂಪಾಯಿಯ ಅಂಗಿ

ಈಗ ಒಂದು ಅಂಗಿಯ ಹಿಂದೆ ಹೋಗೋಣ. ಬಾಂಗ್ಲಾದೇಶದಿಂದ ಬಂದರಿಗೆ ಬಂದಾಗ ಅದರ ಬೆಲೆ 100 ರೂಪಾಯಿ ಎನ್ನಿ. ಇಂದು ಮೂಲ ಆಮದು ಸುಂಕ ಸೊನ್ನೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ ಶೇ 5. ಆಮದಿನ ಮೇಲೂ ಅಷ್ಟೇ. ಒಟ್ಟು 105 ರೂಪಾಯಿ.

ರಿಯಾಯಿತಿ ಹೋಗಿ ಆ ಅಂಗಿ ಸಾಮಾನ್ಯ ಸುಂಕಕ್ಕೆ ಬಿದ್ದರೆ? ಮೂಲ ಸುಂಕ 20 ರೂಪಾಯಿ. ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಮೇಲ್ತೆರಿಗೆ, ಅಂದರೆ 2 ರೂಪಾಯಿ. 122 ಆಯಿತು. ಅದರ ಮೇಲೆ ಶೇ 5 ಜಿಎಸ್‌ಟಿ 6 ರೂಪಾಯಿ 10 ಪೈಸೆ. ಒಟ್ಟು 128 ರೂಪಾಯಿ 10 ಪೈಸೆ.

ನೂರರ ಮೇಲಿನ ಈ 28 ರೂಪಾಯಿ 10 ಪೈಸೆಯಲ್ಲಿ ಎರಡು ಜಾತಿಯ ಹಣ ಇದೆ. 22 ರೂಪಾಯಿ ಕಸ್ಟಮ್ಸ್ ಸುಂಕ. ಅದು ಒಮ್ಮೆ ಹೋದರೆ ಹೋಯಿತು, ಯಾರಿಗೂ ಹಿಂದೆ ಬರುವುದಿಲ್ಲ, ಸರಕಿನ ಅಸಲಿಗೆ ಸೇರಿಕೊಳ್ಳುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬ ಗಾದೆ ಹುಟ್ಟಿದ್ದೇ ಇಂಥ ಹಣದ ಮೇಲೆ. ಉಳಿದ 6 ರೂಪಾಯಿ 10 ಪೈಸೆ ಜಿಎಸ್‌ಟಿ. ಅದು ಕೊಂಡವನ ಖಾತೆಯಲ್ಲಿ ಜಮಾ ಆಗಿ, ಅವನು ಮಾರುವಾಗ ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಆಗುತ್ತದೆ. ಆದರೆ ಕೊಂಡವನು ಸಾಮಾನ್ಯ ನೋಂದಣಿ ಮಾಡಿಸಿದವನಾಗಿರಬೇಕು, ಕೈಯಲ್ಲಿ ಪಕ್ಕಾ ಬಿಲ್ ಇರಬೇಕು.

ನಮ್ಮ ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿ ಪೇಟೆಯ ಸಣ್ಣ ಬಟ್ಟೆ ಅಂಗಡಿಗಳಂಥವಕ್ಕೆಂದೇ ಸರ್ಕಾರ ಇಟ್ಟಿರುವುದು ಕಾಂಪೊಸಿಷನ್ ಎಂಬ ರಾಜಿ ಪದ್ಧತಿ. ವರ್ಷದ ವಹಿವಾಟು 1.5 ಕೋಟಿ ದಾಟದವರು ವಹಿವಾಟಿನ ಶೇ 1ರಷ್ಟು ಕಟ್ಟಿ ಕೈತೊಳೆದುಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ಹಣ, ವರ್ಷಕ್ಕೊಮ್ಮೆ ಲೆಕ್ಕ. ಇದೇ ಸಣ್ಣವರಿಗಿರುವ ದೊಡ್ಡ ತೆರಿಗೆ ರಿಯಾಯಿತಿ ಎಂದು ಎಲ್ಲರೂ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಬೇರೆಯೇ ಕಾಣುತ್ತದೆ.

ಒಂದು ಸಿದ್ಧ ಉಡುಪಿನ ಅಂಗಡಿಗೆ ಗಿರಾಕಿಗಳು ವರ್ಷಕ್ಕೆ ಕೊಡುವ ಹಣ 50 ಲಕ್ಷ ಎನ್ನಿ. ಸರಕಿನ ಅಸಲು 40 ಲಕ್ಷ, ಅದರ ಮೇಲೆ ಕೊಂಡಾಗ ಕೊಟ್ಟ ಜಿಎಸ್‌ಟಿ 2 ಲಕ್ಷ. ರಾಜಿ ಪದ್ಧತಿಯಲ್ಲಿ ಆ 2 ಲಕ್ಷ ವಜಾ ಆಗುವುದಿಲ್ಲ, ಅಸಲಿಗೆ ಸೇರುತ್ತದೆ. ಮೇಲೆ ಶೇ 1ರ ಲೆಕ್ಕದಲ್ಲಿ 50 ಸಾವಿರ. ಉಳಿಯುವುದು 7.5 ಲಕ್ಷ. ಅದೇ ಅಂಗಡಿ ಸಾಮಾನ್ಯ ನೋಂದಣಿಯಲ್ಲಿದ್ದರೆ 50 ಲಕ್ಷದೊಳಗೆ ಅಡಗಿರುವ ತೆರಿಗೆ ಸುಮಾರು 2.38 ಲಕ್ಷ, ಅದರಲ್ಲಿ 2 ಲಕ್ಷ ವಜಾ ಆಗಿ, ಕೈಯಿಂದ ಕಟ್ಟುವುದು 38 ಸಾವಿರ. ಉಳಿಯುವುದು ಸುಮಾರು 7.62 ಲಕ್ಷ. ‘ರಿಯಾಯಿತಿ’ ಪಡೆದವನೇ ಸುಮಾರು 12 ಸಾವಿರ ಹಿಂದೆ ಬಿದ್ದ. ಲಾಭದ ಅಂಚು ದೊಡ್ಡದಿದ್ದರೆ ಲೆಕ್ಕ ತಿರುಗುತ್ತದೆ, ಲೆಕ್ಕಪತ್ರದ ತಾಪತ್ರಯ ತಪ್ಪುವುದೂ ಒಂದು ಲಾಭವೇ. ಆದರೆ ಅಸಲು ಏರಿ ಅಂಚು ಸಣ್ಣದಾದಷ್ಟೂ ರಾಜಿ ಪದ್ಧತಿ ತುಟ್ಟಿ. ಢಾಕಾದ ಸುಂಕ ಮಾಡುವುದು ಅದನ್ನೇ: ಅಸಲನ್ನು ಏರಿಸುತ್ತದೆ. ನೆರೆಯ ದೇಶ ಪಟ್ಟಿ ಬಿಡುವುದು ನಮ್ಮ ಸಣ್ಣ ವ್ಯಾಪಾರಿಯ ತೆರಿಗೆ ರಿಯಾಯಿತಿಯನ್ನು ಮುಟ್ಟುವುದು ಹೀಗೆ. ದರ ಬದಲಾಗದಿದ್ದರೂ ಅದರ ತೂಕ ಬದಲಾಗುತ್ತದೆ.

ಢಾಕಾದ ಅಂಗಿ ತುಟ್ಟಿಯಾದರೆ ಯಾರಿಗೆ ಲಾಭ? ಬೆಟಗೇರಿಯ ನೇಕಾರರಿಗೆ ಎಂದು ಕೆಲವರು ಭಾಷಣ ಮಾಡುತ್ತಾರೆ. ಕೈಮಗ್ಗದ ಸೀರೆಯ ಎದುರಾಳಿ ಢಾಕಾದಲ್ಲಿಲ್ಲ, ಸೂರತ್ ಮತ್ತು ಇಚಲಕರಂಜಿಯ ವಿದ್ಯುತ್ ಮಗ್ಗಗಳಲ್ಲಿ ಇದ್ದಾನೆ. ಢಾಕಾ ಕಳಿಸುವುದು ಮುಖ್ಯವಾಗಿ ಹೊಲಿದ ಬಟ್ಟೆ. ಅದು ತುಟ್ಟಿಯಾದರೆ ಮೊದಲು ಉಸಿರಾಡುವುದು ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳು. ಗದಗಿನ ಅಂಗಡಿಯವರು ಮಾಲು ತರುವ ದಿಕ್ಕು ಬದಲಿಸಿಕೊಂಡರೆ ಆ ಹಣ ಈ ಸೀಮೆಯಲ್ಲೇ ಸುತ್ತೀತು.

ಹತ್ತಿಯ ಕಥೆ ಇನ್ನೂ ಗಂಟು. ಭಾರತದ ಹತ್ತಿ ನೂಲಿಗೆ ದೊಡ್ಡ ಗಿರಾಕಿ ಬಾಂಗ್ಲಾದೇಶವೇ. ಹಿಂದುಳಿದ ದೇಶವಾಗಿರುವಷ್ಟು ಕಾಲ ಅದು ಹೊರಗಿನ ಬಟ್ಟೆ ತಂದು ಬರೀ ಹೊಲಿದು ಕಳಿಸಿದರೂ ಯುರೋಪ್ ಒಕ್ಕೂಟ ಸುಂಕ ಹಾಕುವುದಿಲ್ಲ. ತೇರ್ಗಡೆಯಾಗಿ ಮೂರು ವರ್ಷದ ಬಳಿಕ ನಿಯಮ ಬಿಗಿಯಾಗುತ್ತದೆ. ರಿಯಾಯಿತಿ ಬೇಕಿದ್ದರೆ ನೇಯ್ಗೆಯೂ ಅಲ್ಲೇ ಆಗಬೇಕು. ಚೀನಾದ ಬಟ್ಟೆಯ ಬದಲು ನೂಲು ತಂದು ನೇಯುವ ಒತ್ತಡ ಬಂದರೆ ನಮ್ಮ ನೂಲಿನ ಬೇಡಿಕೆ ಹೆಚ್ಚಬಹುದು, ಅದರ ಬೆನ್ನಿಗೆ ಲಕ್ಷ್ಮೇಶ್ವರದ ಹತ್ತಿಗೂ. ಆದರೆ ರಾಜಕೀಯ ಅಡ್ಡ ಬಂದಿದೆ. 2025ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶ ಭಾರತದ ನೂಲು ಭೂಗಡಿಯ ಮೂಲಕ ಬರುವುದನ್ನು ನಿಲ್ಲಿಸಿತು. ಮೇ 17ರಂದು ಭಾರತ ಅಲ್ಲಿನ ಸಿದ್ಧ ಉಡುಪು ಕೋಲ್ಕತ್ತ ಮತ್ತು ನವಾಶೇವಾ ಬಂದರುಗಳಿಗೆ ಮಾತ್ರ ಬರಬೇಕೆಂದಿತು. ಅದೇ ವರ್ಷದ ಆಗಸ್ಟ್ 19ರಿಂದ ಕೇಂದ್ರ ಸರ್ಕಾರ ಹೊರದೇಶದ ಹತ್ತಿಯ ಮೇಲಿನ ಶೇ 11ರ ಸುಂಕವನ್ನು ವರ್ಷಾಂತ್ಯದವರೆಗೆ ತೆಗೆದುಹಾಕಿತು. ಗಿರಣಿಗಳಿಗೆ ಅದು ರಿಯಾಯಿತಿ. ಹತ್ತಿ ಬಿಡಿಸಿ ಅಂಡಿಗೆ ಕಟ್ಟುವ ಹಂಗಾಮಿಗೆ ಕಾದು ಕೂತಿದ್ದ ನಮ್ಮ ರೈತರಿಗೆ?

ನಾವೂ ಒಂದು ಪಟ್ಟಿಯಿಂದ ಹೊರಬಿದ್ದವರೇ

ಢಾಕಾದ ಕಥೆ ದೂರದ್ದೆನಿಸಿದರೆ ನಮ್ಮದೇ ಕಥೆ ಕೇಳಬೇಕು. ವಿಶ್ವ ವ್ಯಾಪಾರ ಸಂಸ್ಥೆಯ ಸಹಾಯಧನ ಒಪ್ಪಂದದಲ್ಲಿ ಬಡ ದೇಶಗಳ ಪಟ್ಟಿ ಒಂದಿದೆ. ಆ ಪಟ್ಟಿಯಲ್ಲಿರುವವರು ರಫ್ತುದಾರರಿಗೆ ಸರ್ಕಾರದ ಬೊಕ್ಕಸದಿಂದ ಪ್ರೋತ್ಸಾಹಧನ ಕೊಡಬಹುದು. 1990ರ ಡಾಲರ್ ಮೌಲ್ಯದಲ್ಲಿ ತಲಾ ಆದಾಯ ಸತತ ಮೂರು ವರ್ಷ 1,000 ಡಾಲರ್ ದಾಟಿದರೆ ಆ ಸವಲತ್ತು ಮುಗಿಯಿತು. ಭಾರತ ದಾಟಿತು. 2018ರಲ್ಲಿ ಅಮೆರಿಕ ದೂರು ಕೊಟ್ಟಿತು. 2019ರ ಅಕ್ಟೋಬರ್ 31ರಂದು ಸಂಸ್ಥೆಯ ಸಮಿತಿ ಭಾರತದ ಹಲವು ರಫ್ತು ಯೋಜನೆಗಳು ನಿಯಮಕ್ಕೆ ವಿರುದ್ಧ ಎಂದಿತು. ಭಾರತ ಮೇಲ್ಮನವಿ ಹೋಯಿತಾದರೂ ಎಂಇಐಎಸ್ ಎಂಬ ಮುಖ್ಯ ಯೋಜನೆಯನ್ನು 2020ರ ಡಿಸೆಂಬರ್ 31ಕ್ಕೆ ಮುಚ್ಚಿತು. 2021ರ ಜನವರಿ 1ರಿಂದ ರೋಡ್‌ಟೆಪ್ ಬಂತು.

ಎರಡಕ್ಕೂ ವ್ಯತ್ಯಾಸವೇನು? ಎಂಇಐಎಸ್ ಬಹುಮಾನ, ರಫ್ತು ಮಾಡಿದ ಮೌಲ್ಯದ ಮೇಲೆ ಇಷ್ಟು ಶೇಕಡಾ ಎಂದು ಕೊಡುವುದು. ರೋಡ್‌ಟೆಪ್ ಮರುಪಾವತಿ, ಸರಕು ಬಂದರು ಮುಟ್ಟುವವರೆಗೆ ಎಲ್ಲಿಯೂ ವಾಪಸಾಗದೆ ಉಳಿದ ತೆರಿಗೆಗಳನ್ನು ಹಿಂದಿರುಗಿಸುವುದು. ಲಾರಿಗೆ ಹಾಕಿದ ಡೀಸೆಲ್ಲಿನ ಮಾರಾಟ ತೆರಿಗೆ, ಕಾರ್ಖಾನೆಯ ವಿದ್ಯುತ್ ತೆರಿಗೆ, ಎಪಿಎಂಸಿಯ ಮಾರುಕಟ್ಟೆ ಶುಲ್ಕ, ಇವು ಅದರಲ್ಲಿ ಬರುತ್ತವೆ. ದಾನ ಕೊಟ್ಟರೆ ತಪ್ಪು, ಸಾಲ ತೀರಿಸಿದರೆ ತಪ್ಪಲ್ಲ ಎಂಬುದು ವಿಶ್ವ ವ್ಯಾಪಾರದ ನ್ಯಾಯ. ಬಾಂಗ್ಲಾದೇಶವೂ ಅದೇ ದಾರಿಗೆ ಬಂದಿದೆ. ತೇರ್ಗಡೆಯ ತಯಾರಿಯಾಗಿ 2024ರ ಆರಂಭದಿಂದಲೇ ರಫ್ತುದಾರರ ನಗದು ನೆರವನ್ನು ಕಡಿತ ಮಾಡತೊಡಗಿತು.

ಕೂಟ ಬಿಟ್ಟಾಗ, ಪಟ್ಟಿಯಿಂದ ಜಾರಿದಾಗ, ಸಣ್ಣ ಉದ್ಯಮದ ಪ್ರೋತ್ಸಾಹಕ್ಕೆ ಆಗುವುದು ಇದೇ: ಬಹುಮಾನ ಹೋಗಿ ಮರುಪಾವತಿ ಬರುತ್ತದೆ. ಬಹುಮಾನವಾಗಲಿ ಮರುಪಾವತಿಯಾಗಲಿ, ಸಿಗಬೇಕಾದರೆ ರಫ್ತಿನ ಕಾಗದ ತನ್ನ ಹೆಸರಿನಲ್ಲಿರಬೇಕು.

ಆ ಕಾಗದ ಯಾರ ಕೈಯಲ್ಲಿರುತ್ತದೆ ಎಂಬುದಕ್ಕೆ ಉಳ್ಳಾಗಡ್ಡಿಯಷ್ಟು ಚೆನ್ನಾದ ಉದಾಹರಣೆ ಬೇರಿಲ್ಲ. 2018ರ ಡಿಸೆಂಬರ್ ಕೊನೆಯಲ್ಲಿ ದರ ಪಾತಾಳಕ್ಕೆ ಇಳಿದಾಗ ಕೇಂದ್ರ ಸರ್ಕಾರ ಉಳ್ಳಾಗಡ್ಡಿ ರಫ್ತಿನ ಎಂಇಐಎಸ್ ಬಹುಮಾನವನ್ನು ಶೇ 5ರಿಂದ ಶೇ 10ಕ್ಕೆ ಏರಿಸಿತು, ರೈತರ ಹೆಸರಿನಲ್ಲಿ. ಆ ಶೇ 10 ಜಮೆಯಾದದ್ದು ಆಮದು-ರಫ್ತು ಸಂಕೇತ ಸಂಖ್ಯೆ ಇದ್ದು, ಬಂದರಿನಲ್ಲಿ ತನ್ನ ಹೆಸರಿನ ಶಿಪ್ಪಿಂಗ್ ಬಿಲ್ ಇದ್ದವನ ಖಾತೆಗೆ. ಗದಗ ಎಪಿಎಂಸಿಯಲ್ಲಿ ಚೀಲ ಇಳಿಸಿದವನ ಕೈಗೆ ಬರುವುದು ದಲಾಲಿ ಅಂಗಡಿಯ ಪಟ್ಟಿ: ತೂಕ, ದರ, ಹಮಾಲಿ, ಉಳಿದ ಹಣ. ಆ ಚೀಲದ ಮೇಲೆ ವಸೂಲಾದ ಮಾರುಕಟ್ಟೆ ಶುಲ್ಕ ಮುಂದೆ ರಫ್ತುದಾರನಿಗೆ ಮರುಪಾವತಿಯಾದರೂ ಪಟ್ಟಿ ಹಿಡಿದವನಿಗೆ ಅದರ ಸುಳಿವೂ ಇರುವುದಿಲ್ಲ.

ಬಹುಮಾನ 2019ರ ಜೂನ್‌ನಲ್ಲಿ ನಿಂತಿತು. ಸೆಪ್ಟೆಂಬರ್ 29ಕ್ಕೆ ರಫ್ತೇ ನಿಷೇಧ. ಮರುವರ್ಷ ಸೆಪ್ಟೆಂಬರ್ 14ಕ್ಕೆ ಮತ್ತೆ ನಿಷೇಧ. ನಮ್ಮ ಮುಂಗಾರಿ ಉಳ್ಳಾಗಡ್ಡಿ ಪೇಟೆಗೆ ಬರುವ ಹೊತ್ತು ಅದೇ. ಗದಗಿನ ಮಾಲು ಹೆಚ್ಚಾಗಿ ಹೋಗುವುದು ಹುಬ್ಬಳ್ಳಿ, ಬೆಂಗಳೂರು ಪೇಟೆಗಳಿಗೆ. ಬಾಂಗ್ಲಾದೇಶಕ್ಕೆ ಕಳಿಸುವುದು ನಾಸಿಕದವರು. ಆದರೂ ಗಡಿ ಮುಚ್ಚಿದಾಗ ನಾಸಿಕದ ದಾಸ್ತಾನು ದಕ್ಷಿಣಕ್ಕೆ ಮುಖ ಮಾಡುತ್ತದೆ, ದರ ಇಲ್ಲಿ ಬೀಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದದ್ದು ಇದಕ್ಕೇ. 2023ರ ಆಗಸ್ಟಿನ ಶೇ 40ರ ರಫ್ತು ಸುಂಕ, ಡಿಸೆಂಬರಿನ ನಿಷೇಧ, 2024ರ ಮೇನಲ್ಲಿ ಅದರ ಸಡಿಲಿಕೆ, 2025ರ ಏಪ್ರಿಲ್ 1ಕ್ಕೆ ಸುಂಕ ಪೂರ್ತಿ ರದ್ದು, ಇವೆಲ್ಲ ನಡೆದದ್ದು ಯಾವ ಕೂಟವನ್ನೂ ಬಿಡದೆಯೇ.

ಕೂಟ ಬಿಟ್ಟದ್ದು ಎಂದಾಗ ಇನ್ನೊಂದನ್ನೂ ನೆನೆಯಬೇಕು. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಆರ್‌ಸಿಇಪಿ ಎಂಬ ವ್ಯಾಪಾರ ಕೂಟದ ಮಾತುಕತೆಯಿಂದ ಹೊರಬಂತು. ಉಳಿದ 15 ದೇಶಗಳ ಒಪ್ಪಂದ 2022ರ ಜನವರಿ 1ರಿಂದ ಹಂತಹಂತವಾಗಿ ಜಾರಿಗೆ ಬಂತು. ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಹಾಲಿನ ಪುಡಿ ಅಗ್ಗವಾಗಿ ನುಗ್ಗುತ್ತದೆಂಬ ಭಯ ತಪ್ಪಿತು, ಹಾಲು ಒಕ್ಕೂಟಗಳಿಗೆ ನೆಮ್ಮದಿಯಾಯಿತು. ಆ ನೆಮ್ಮದಿ ಸುಂಕದಿಂದ ಬಂದದ್ದು. ಯಾವ ಸಣ್ಣ ಉದ್ದಿಮೆಗೂ ಅದರಿಂದ ಒಂದು ರೂಪಾಯಿ ತೆರಿಗೆ ರಿಯಾಯಿತಿ ಹುಟ್ಟಲಿಲ್ಲ.

ಬಿಲ್ಲಿನ ಭಯ

ಹಾಗಾದರೆ ಬಿಲ್ ಇಟ್ಟುಕೊಳ್ಳಿ ಎಂದು ಹೇಳಿ ಅಂಕಣ ಮುಗಿಸಬಹುದು. ಅಷ್ಟು ಸುಲಭವಿದ್ದರೆ ಎಲ್ಲರೂ ಇಟ್ಟುಕೊಳ್ಳುತ್ತಿದ್ದರು.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಪಕ್ಕದ ಹಾವೇರಿಯಲ್ಲಿ ತರಕಾರಿ ಮಾರುವವರೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ಜಮೆಗೆ 29 ಲಕ್ಷ ತೆರಿಗೆ ಕಟ್ಟಿ ಎಂದು ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಗದ್ದಲವಾದ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಎಂದರು. ಅಷ್ಟರೊಳಗೆ ಅಂಗಡಿಗಳ ಕ್ಯೂಆರ್ ಚೀಟಿಗಳು ಇಳಿದು ‘ನಗದು ಮಾತ್ರ’ ಎಂಬ ಬೋರ್ಡು ಏರಿದ್ದವು.

ಆ ಬೋರ್ಡು ಹಾಕಿದವರು ಕಳೆದುಕೊಂಡದ್ದನ್ನೂ ನೋಡಬೇಕು. ಆದಾಯ ತೆರಿಗೆಯಲ್ಲಿ ಸಣ್ಣ ವ್ಯಾಪಾರಕ್ಕೆ ಅಂದಾಜು ಲಾಭದ ಪದ್ಧತಿ ಇದೆ. ಲೆಕ್ಕದ ಪುಸ್ತಕ ಬೇಡ. ನಗದು ವಹಿವಾಟಿನ ಶೇ 8 ಲಾಭ ಎಂದು ಹಿಡಿಯುತ್ತಾರೆ, ಬ್ಯಾಂಕು ಅಥವಾ ಯುಪಿಐ ಮೂಲಕ ಬಂದದ್ದಕ್ಕೆ ಶೇ 6. ಐವತ್ತು ಲಕ್ಷ ನಗದಿಗೆ ಲಾಭ 4 ಲಕ್ಷ, ಅದೇ ಯುಪಿಐಗೆ 3 ಲಕ್ಷ. ಪದ್ಧತಿಯ ಮಿತಿಯೂ 2 ಕೋಟಿಯಿಂದ 3 ಕೋಟಿಗೆ ಏರುತ್ತದೆ, ನಗದು ಶೇ 5 ದಾಟದಿದ್ದರೆ. ಒಂದು ಇಲಾಖೆ ಯುಪಿಐಗೆ ಪ್ರೋತ್ಸಾಹ ಕೊಡುತ್ತದೆ, ಇನ್ನೊಂದು ಇಲಾಖೆ ಅದನ್ನೇ ನೋಡಿ ನೋಟಿಸ್ ಕೊಡುತ್ತದೆ. ಇವೆರಡರ ನಡುವೆ ಸಿಕ್ಕ ವ್ಯಾಪಾರಿ ಹಿಂಜರಿದರೆ ಅವನನ್ನು ಬೈಯುವುದು ನ್ಯಾಯವಲ್ಲ.

ಮಿತಿಗಳ ಗೊಂದಲವೂ ಕಡಿಮೆಯಲ್ಲ. ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ, ಸೇವೆಗೆ 20 ಲಕ್ಷ. ಆದರೆ ಮುಂಡರಗಿಯ ಸಣ್ಣ ಉದ್ದಿಮೆದಾರ ಸೊಲ್ಲಾಪುರಕ್ಕೆ ಮಾಲು ಮಾರಿದರೆ, ಕೆಲವು ಕರಕುಶಲ ಸರಕುಗಳಂಥ ಅಪವಾದ ಬಿಟ್ಟು, ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ರಾಜಿ ಪದ್ಧತಿಯಲ್ಲಿದ್ದವರು ರಾಜ್ಯದ ಹೊರಗೆ ಮಾರುವಂತೆಯೇ ಇಲ್ಲ, ವಿದೇಶಕ್ಕಂತೂ ಸಾಧ್ಯವಿಲ್ಲ. ರಫ್ತಿಗೆ ಜಿಎಸ್‌ಟಿ ಸೊನ್ನೆ, ಕಟ್ಟಿದ್ದರೆ ವಾಪಸು. ಆ ಬಾಗಿಲು ತೆರೆದಿರುವುದು ಸಾಮಾನ್ಯ ನೋಂದಣಿಯವರಿಗೆ ಮಾತ್ರ. ಬೆಳೆಯದೆ ಸಣ್ಣವರಾಗಿಯೇ ಉಳಿದರೆ ರಿಯಾಯಿತಿ, ರಾಜ್ಯ ದಾಟಿದರೆ ಇಲ್ಲ ಎಂಬುದು ಈ ವ್ಯವಸ್ಥೆಯ ದೊಡ್ಡ ದೋಷ.

ಬೆಟಗೇರಿಯ ಒಂದು ಮಗ್ಗದ ಮನೆಗೆ ಬನ್ನಿ. ನೇಕಾರ ಕುಣಿಯಲ್ಲಿ ಕಾಲಿಳಿಬಿಟ್ಟು ಲಾಳಿ ಓಡಿಸುತ್ತಾನೆ, ಮನೆಯವರು ಕಂಡಿಕೆ ಸುತ್ತುತ್ತಾರೆ. ಕೇಂದ್ರದ ಕಚ್ಚಾ ಮಾಲು ಯೋಜನೆಯಲ್ಲಿ ಲಡಿ ನೂಲಿಗೆ ಶೇ 15 ಸಬ್ಸಿಡಿ ಇದೆ, ನೇಕಾರರ ಗುರುತಿನ ಚೀಟಿ ಇದ್ದವರಿಗೆ. ಸೀರೆ ಹೋಗುವುದು ಸಾವಕಾರರ ಅಂಗಡಿಗೆ, ಉದ್ರಿ. ಹಣ ಬಂದಾಗ ಬಂತು. ಆದರೆ ಆದಾಯ ತೆರಿಗೆ ಕಾಯ್ದೆಯ ಕಲಮೊಂದು ಹೇಳುತ್ತದೆ: ಸಣ್ಣ ಉದ್ದಿಮೆಗಳಿಗೆ ಕೇಂದ್ರ ಕೊಡುವ ಉದ್ಯಮ್ ನೋಂದಣಿ ಇರುವ ಅತಿ ಸಣ್ಣ ಅಥವಾ ಸಣ್ಣ ತಯಾರಕನಿಗೆ, ಕರಾರು ಇಲ್ಲದಿದ್ದರೆ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನದೊಳಗೆ ಕೊಳ್ಳುವವನು ಹಣ ಕೊಡಬೇಕು. ತಡವಾದರೆ, ಕೊಡುವವರೆಗೆ ಆ ಖರೀದಿಯನ್ನು ತನ್ನ ಖರ್ಚಾಗಿ ತೋರಿಸುವಂತಿಲ್ಲ. ಲೆಕ್ಕಪುಸ್ತಕ ಇಡುವ ಸಾವಕಾರರಿಗೆ ಇದು ಬಿಸಿ ಮುಟ್ಟಿಸುತ್ತದೆ. ನೇಕಾರನ ಕೈಯಲ್ಲಿ ಇಷ್ಟು ದೊಡ್ಡ ಅಸ್ತ್ರವಿದೆ. ಉದ್ಯಮ್ ಸಂಖ್ಯೆ ಇಲ್ಲದಿದ್ದರೆ, ಸೀರೆಗೆ ಬಿಲ್ ಇಲ್ಲದಿದ್ದರೆ ಅದು ಕೆಲಸಕ್ಕೆ ಬರುವುದಿಲ್ಲ. ಇನ್ನೊಂದು ಸೂಕ್ಷ್ಮ: 2021ರ ಜುಲೈನಿಂದ ಕಿರಾಣಿ, ಬಟ್ಟೆ ಅಂಗಡಿಯವರಿಗೂ ಉದ್ಯಮ್ ನೋಂದಣಿ ಸಿಗುತ್ತದೆ. ಆದರೆ ಅದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ. ಈ 45 ದಿನದ ರಕ್ಷಣೆ ಬರೀ ಕೊಂಡು ಮಾರುವವರಿಗೆ ಇಲ್ಲ.

ಒಬ್ಬೊಬ್ಬರಿಂದ ಆಗದ್ದು

ಒಬ್ಬ ನೇಕಾರ, ಎರಡೆಕರೆ ಉಳ್ಳಾಗಡ್ಡಿ ಬೆಳೆದವನು, ಸಂತೆ ಅಂಗಡಿಯವನು ತಾನೇ ಶಿಪ್ಪಿಂಗ್ ಬಿಲ್ ಹಿಡಿದು ಮರುಪಾವತಿ ಪಡೆಯಬೇಕೆನ್ನುವುದು ನಡೆಯುವ ಮಾತಲ್ಲ. ಆದರೆ ಬಿಲ್ಲಿನ ಮೇಲೆ ಇರಬೇಕಾದದ್ದು ಒಂದು ಹೆಸರು, ಅದು ಒಬ್ಬನದೇ ಆಗಬೇಕೆಂದಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಇದೇ ಲೆಕ್ಕದಲ್ಲಿ: ಒಬ್ಬೊಬ್ಬರಾಗಿ ಸಾವಕಾರನ ಮುಂದೆ ನಿಂತಾಗ ಸಿಗದ ಸಾಲ, ಹತ್ತಾರು ಜನ ಒಂದು ಹೆಸರಿನಲ್ಲಿ ನಿಂತಾಗ ಸಿಕ್ಕಿತು. ಅಂದು ಬೇಕಾಗಿದ್ದದ್ದು ಸಾಲದ ಪತ್ರ, ಇಂದು ಬೇಕಾಗಿರುವುದು ತೆರಿಗೆಯ ಬಿಲ್. ರೈತ ಉತ್ಪಾದಕ ಕಂಪನಿಗಳು, ನೇಕಾರರ ಸಹಕಾರ ಸಂಘಗಳು ಸಾಮಾನ್ಯ ಜಿಎಸ್‌ಟಿ ನೋಂದಣಿ ಮತ್ತು ಆಮದು-ರಫ್ತು ಸಂಕೇತ ಪಡೆದು ಸದಸ್ಯರ ಸರಕು ತಮ್ಮ ಹೆಸರಲ್ಲಿ ಮಾರಿದರೆ, ಮರುಪಾವತಿ ಮುಂಬೈಯ ರಫ್ತುದಾರನ ಖಾತೆಗೆ ಹೋಗುವ ಬದಲು ಊರಿಗೆ ಬರುತ್ತದೆ.

ಸರ್ಕಾರದ ಪಾಲಿನ ಕೆಲಸವೂ ಇದೆ. ಜಿಲ್ಲಾ ಕೈಗಾರಿಕಾ ಕೇಂದ್ರದವರು ಉದ್ಯಮ್ ನೋಂದಣಿ ಶಿಬಿರವನ್ನು ಬೆಟಗೇರಿಯ ಮಗ್ಗದ ಓಣಿಯಲ್ಲೇ ಮಾಡಲಿ. ವಾಣಿಜ್ಯ ತೆರಿಗೆಯವರು ನೋಟಿಸ್ ಕಳಿಸುವ ಮುನ್ನ ತಾಲ್ಲೂಕು ಸಂತೆಗಳಲ್ಲಿ ಕೂತು, ಯಾರಿಗೆ ರಾಜಿ ಪದ್ಧತಿ ಲಾಭ, ಯಾರಿಗೆ ಸಾಮಾನ್ಯ ನೋಂದಣಿ ಲಾಭ ಎಂದು ಲೆಕ್ಕ ಹಾಕಿ ತೋರಿಸಲಿ. ಎಪಿಎಂಸಿಯ ಪಟ್ಟಿಯಲ್ಲಿ ವಸೂಲಾದ ಶುಲ್ಕವನ್ನು ಬೇರೆ ಸಾಲಿನಲ್ಲಿ ಮುದ್ರಿಸಿದರೆ ಮರುಪಾವತಿ ಯಾರದೆಂಬ ಪ್ರಶ್ನೆ ಕೇಳಲಾದರೂ ರೈತನಿಗೆ ಆಧಾರ ಸಿಗುತ್ತದೆ.

ವ್ಯಾಪಾರಸ್ಥರು ಮಾಡಬಹುದಾದದ್ದು ಇನ್ನೂ ಸರಳ. ರಾಜಿ ಪದ್ಧತಿಯಿಂದ ಹೊರಬರುವ, ಒಳಹೋಗುವ ಆಯ್ಕೆಗೆ ಸಹಜ ಕಾಲ ಆರ್ಥಿಕ ವರ್ಷದ ತುದಿ. ಮಾರ್ಚ್ ಮುಗಿಯುವ ಮುನ್ನ ಹಿಂದಿನ ವರ್ಷದ ಖರೀದಿ ಬಿಲ್ಲುಗಳನ್ನು ಒಟ್ಟುಮಾಡಿ, ಅದರಲ್ಲಿ ಕಟ್ಟಿದ ಜಿಎಸ್‌ಟಿ ಎಷ್ಟೆಂದು ಕೂಡಿಸಿ, ಮೇಲೆ ಹಾಕಿದ ಉಡುಪಿನ ಅಂಗಡಿಯ ಲೆಕ್ಕವನ್ನು ತಮ್ಮ ಅಂಗಡಿಗೆ ಹಾಕಿ ನೋಡಬೇಕು. ಪರವೂರ ಸಾವಕಾರರಿಂದ ಕಚ್ಚಾ ಚೀಟಿಯ ಮೇಲೆ ಮಾಲು ತರುತ್ತಿದ್ದರೆ, ಅಗ್ಗವೆಂದು ತೋರುವ ಆ ಮಾಲಿನಲ್ಲಿ ಬಿಟ್ಟುಕೊಟ್ಟ ತೆರಿಗೆ ವಜಾ ಎಷ್ಟೆಂದೂ ಸೇರಿಸಬೇಕು. ಢಾಕಾದ ಸುಂಕ ಏರುವ ದಿನ ಯಾವುದೇ ಆಗಲಿ, ಈ ಲೆಕ್ಕ ಹಾಕಿಕೊಂಡವರಿಗೆ ಹೊಸ ಬೆಲೆ ಹಾಕಲು ಒಂದು ಸಂಜೆ ಸಾಕು. ಹಾಕದವರು ಎಂದಿನಂತೆ ಪಕ್ಕದ ಅಂಗಡಿಯವರ ದರ ನೋಡಿ ತಮ್ಮ ದರ ಬರೆಯುತ್ತಾರೆ, ಮತ್ತು ನಷ್ಟ ಎಲ್ಲಿಂದ ಬಂತೆಂದು ಬಾಂಗ್ಲಾದೇಶದ ಕಡೆ ಬೆರಳು ತೋರಿಸುತ್ತಾರೆ.